ಒಳಮೈ ಹೊರಗಾದ ಹಡಗು

ಅಕ್ಕನ ಜೊತೆಗಿದ್ದ ತಮ್ಮ, ಮನೆಯ ಹೊಸ್ತಿಲು ದಾಟಿ ತಿಂಗಳುಗಳೇ ಆಗಿದ್ದವು.

ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವನ ಕೆಲಸ. ಹಗ್ಗಕ್ಕೆ ಕಟ್ಟಿದ ತೊಟ್ಟಿಲಲ್ಲಿ ನಿಂತು, ಹಕ್ಕಿಗಳಿಗಷ್ಟೇ ಕಾಣುವ ಊರನ್ನು ದಿನವೂ ಕಂಡು ಬರುತ್ತಿದ್ದವನು. ಒಂದು ದಿನ ತೊಟ್ಟಿಲಿನ ಒಂದು ಬದಿ ಜಾರಿತು. ಮೇಲಿನವರು ಎಳೆದುಕೊಳ್ಳುವವರೆಗೂ ಸೊಂಟದ ಪಟ್ಟಿಯೊಂದನ್ನೇ ನಂಬಿ ಗಾಳಿಯಲ್ಲಿ ಗಿರಗಿರ ತಿರುಗಿದ. ಮೈಮೇಲೆ ಒಂದು ಗೀರೂ ಆಗಲಿಲ್ಲ. ಗಂಡಾಂತರ ಕಳೆಯಿತು ಎಂದು ಅಕ್ಕ ಉಸಿರು ಬಿಟ್ಟಳು. ಆದರೆ ಮನೆಗೆ ಬಂದವನು ಮತ್ತೆ ಬೀದಿಗೆ ಕಾಲಿಡಲಿಲ್ಲ.

"ಹೊರಗೆ ಹಿಡ್ಕೊಳ್ಳೋಕೆ ಏನೂ ಇಲ್ಲ ಅಕ್ಕಾ," ಅನ್ನುತ್ತಿದ್ದ. "ನೀವೆಲ್ಲ ಅಷ್ಟು ಧೈರ್ಯವಾಗಿ ಹೇಗೆ ನಡೀತೀರೋ. ಆಕಾಶ ನೋಡಿದ್ರೆ ಕೆಳಗೆ ಬೀಳ್ತೀನಿ ಅನ್ಸುತ್ತೆ."

"ಆಕಾಶ ಮೇಲಿದೆ ಕಣೋ. ಮೇಲಕ್ಕೆ ಯಾರಾದ್ರೂ ಬೀಳ್ತಾರಾ?"

"ನಾನು ಬೀಳ್ತೀನಿ."

ಅಕ್ಕ ಸೂಜಿಗೆ ದಾರ ಪೋಣಿಸಲು ತಿರುಗಿದಳು. ಅವಳು ಬಟ್ಟೆ ರಿಪೇರಿಯ ಟೈಲರ್. ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗೂಟಗಳಲ್ಲಿ ಬೇರೆಯವರ ಕೋಟುಗಳು. ಅದರ ಹಿಂದೆ ತಮ್ಮನ ಕೋಣೆ, ಅದಕ್ಕಂಟಿಕೊಂಡು ಅಡುಗೆಮನೆ. ಮನೆಗೆ ಇದ್ದದ್ದು ಒಂದೇ ಬಾಗಿಲು; ಒಳಹೋಗುವವರೂ ಹೊರಬರುವವರೂ ಅಕ್ಕನ ಯಂತ್ರವನ್ನು ಸುತ್ತಿಕೊಂಡೇ ಹಾಯಬೇಕು. ತಮ್ಮ ಹಾಯುವ ದಿನ ಬರಲಿ ಎಂದು ಅವಳು ಕಾಲಿಡುವಷ್ಟು ಜಾಗ ಸದಾ ಬಿಟ್ಟಿರುತ್ತಿದ್ದಳು.

ಗಾಜಿನ ಕೆಲಸದ ಮೇಸ್ತ್ರಿ ಒಮ್ಮೆ ಬಂದು ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ. "ಒಳ್ಳೇ ಕೆಲಸಗಾರ, ಅದಕ್ಕೇ ಇಷ್ಟು ದಿನ ಕಾದೆ. ಈ ತಿಂಗಳು ಮುಗಿಯೋದ್ರೊಳಗೆ ಬರದಿದ್ರೆ ಅವನ ಪಟ್ಟಿ ಬೇರೆಯವರ ಸೊಂಟಕ್ಕೆ, ತಪ್ಪು ತಿಳ್ಕೋಬೇಡಿ." ಕೆಲಸ ಹೋದರೆ ಹೋಗಲಿ, ಅಕ್ಕನಿಗೆ ಅದರ ಚಿಂತೆ ಇರಲಿಲ್ಲ. ಹೊರಗೆ ಹೋಗಲು ಉಳಿದಿದ್ದ ಒಂದೇ ನೆಪವೂ ಹೋದರೆ ತಮ್ಮ ಈ ಎರಡು ಕೋಣೆಗಳಲ್ಲೇ ಮುದುಕನಾಗುತ್ತಾನೆ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಆಟದ ಹಡಗು ಕಟ್ಟುವ ಪೆಟ್ಟಿಗೆ ತಂದವಳು ಮಹಡಿಯ ಮೇಲಿನ ನರ್ಸಮ್ಮ. "ನಮ್ಮ ಅಳಿಯನಿಗೆ ತಂದಿದ್ದೆ. ಅವನಿಗೆ ಪೆಟ್ಟಿಗೆ ಬಿಚ್ಚೋ ತಾಳ್ಮೆಯೂ ಇಲ್ಲ, ಇನ್ನು ಹಡಗು ಕಟ್ಟೋದೆಲ್ಲಿ ಬಂತು! ವಾರ್ಡಲ್ಲಿ ನೋಡಿದೀನಿ, ಕೈಗೆ ಕೆಲಸ ಕೊಟ್ರೆ ತಲೆ ತಾನಾಗೇ ದಾರಿಗೆ ಬರುತ್ತೆ. ಕಟ್ಟು ಮಾರಾಯ."

ಪೆಟ್ಟಿಗೆಯೊಳಗೆ ಬೆನ್ನುಮೂಳೆಯಂಥ ಒಂದು ಉದ್ದ ಮರ, ಅದಕ್ಕೆ ಸಿಕ್ಕಿಸುವ ಪಕ್ಕೆಲುಬುಗಳು, ಮೇಲೆ ಹೊದಿಸುವ ಡೆಕ್ಕಿನ ಹಲಗೆ, ತೆಳ್ಳನೆಯ ಮರದ ಪಟ್ಟಿಗಳ ಕಟ್ಟು, ಒಂದು ನಕ್ಷೆ. ಪಟ್ಟಿಗಳ ಒಂದು ಮುಖಕ್ಕೆ ನೀಲಿ ಬಣ್ಣ ಬಳಿದು ಹಿತ್ತಾಳೆಯ ಅಂಚಿನ ದುಂಡು ಕಿಟಕಿಗಳನ್ನು ಕೂರಿಸಿದ್ದರು. ಇನ್ನೊಂದು ಮುಖ ಬೋಳು. ಯಾವುದು ಎಲ್ಲಿಗೆ ಎಂಬ ಗುರುತುಗಳಷ್ಟೇ ಅದರ ಮೇಲೆ. ಹಡಗು ಮುಗಿದರೆ ಮೊಳದುದ್ದ ಆಗಬಹುದು. ಇಬ್ಬರೂ ಹಿಂದೆಂದೂ ಇಂಥದನ್ನು ಕಟ್ಟಿದವರಲ್ಲ.

ಕೆಲಸ ಶುರುವಾದ ಮೇಲೆ ತಮ್ಮನ ಕೈ ನಡುಗುವುದು ಗೊತ್ತಾಯಿತು. ಅವನು ಮಂಚದಲ್ಲಿ ಕೂತು ನಕ್ಷೆ ಓದುವುದು, ಅಕ್ಕ ಅಂಟಿಸುವುದು ಎಂದಾಯಿತು. ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ತುದಿಯಿಂದ ಒತ್ತಿ ಬಾಗಿಸಿದಳು. ಡೆಕ್ಕಿನ ಕೆಳಗಿನಿಂದ ಒಂದರ ಪಕ್ಕಕ್ಕೊಂದು ಅಂಟಿಸುತ್ತ, ಅಂಟು ಒಣಗುವವರೆಗೆ ಬಟ್ಟೆ ಕ್ಲಿಪ್ಪುಗಳಿಂದ ಹಿಡಿಸಿದಳು. ಕೈ ತಾನಾಗೇ ಓಡುತ್ತಿತ್ತು. ಓಡಿದ್ದೇ ತಪ್ಪಾಯಿತು.

ಟೈಲರ್ ಆದವಳು ಬಟ್ಟೆಯನ್ನು ಒಳಮೈ ಹೊರಗೆ ಮಾಡಿಯೇ ಹೊಲಿಯುತ್ತಾಳೆ. ಸೀಮೆಸುಣ್ಣದ ಗುರುತು ಕಣ್ಣಿಗೆ ಕಾಣುತ್ತಿರಬೇಕು, ಚಂದದ ಮುಖ ಒಳಗಡೆ ಅಡಗಿರಬೇಕು. ಎಲ್ಲ ಹೊಲಿದಾದ ಮೇಲೆ ಮಗುಚಿದರೆ ಉಡುಪು. ಇಪ್ಪತ್ತು ವರ್ಷದಿಂದ ಹಾಗೇ ಪಳಗಿದ ಕೈ ಮರವನ್ನೂ ಬಟ್ಟೆಯೆಂದೇ ತಿಳಿಯಿತು. ಎರಡೂ ಬದಿ ಹೊಟ್ಟೆಯವರೆಗೆ ಮುಚ್ಚಿದ ಮೇಲೆ ತಮ್ಮ ಹಡಗನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಅಕ್ಕಾ, ನೀಲಿ ಬಣ್ಣ ಎಲ್ಲಿ?"

ಅವಳು ನೋಡಿದಳು. ಹೊರಗೆಲ್ಲ ಬೋಳು ಮರ, ಗುರುತುಗಳು. ನೀಲಿ ಬಣ್ಣವೂ ಹಿತ್ತಾಳೆಯ ಕಿಟಕಿಗಳೂ ಒಳಗೆ.

"ಅಯ್ಯೋ, ಉಲ್ಟಾ ಆಗೋಯ್ತು! ಎಂಥ ದಡ್ಡಿ ನಾನು. ತಾ ಇಲ್ಲಿ, ಬಿಚ್ತೀನಿ."

ಆಗ ತಮ್ಮ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು.

"ಬಿಚ್ಬೇಡ. ಅಲ್ಲ, ಯೋಚನೆ ಮಾಡು, ಹಡಗಿನ ಹೊರಮೈ ಯಾವ ಕಡೆಗಿರುತ್ತೋ ಆ ಕಡೆ ತಾನೆ ಸಮುದ್ರ?"

"ಹೂಂ."

"ಅಂದ್ರೆ ಸಮುದ್ರ ಇದರೊಳಗಿದೆ. ಹಡಗಿನ ಒಳಗು ಈ ಕಡೆ ಇದೆ. ನಾನು, ನೀನು, ನಿನ್ನ ಮಿಷನ್ನು, ಮೇಲ್ಗಡೆ ನರ್ಸಮ್ಮ, ಎಲ್ಲರೂ ಹಡಗಿನೊಳಗೆ!"

"ನಿನ್ನ ತಲೆ," ಎಂದು ಅಕ್ಕನೂ ನಕ್ಕಳು. ಆ ನಗುವಿನ ಮುಖ ನೋಡಿ ಅವಳಿಗೆ ಬಿಚ್ಚಲು ಮನಸ್ಸಾಗಲಿಲ್ಲ. ಆಟದ ಹಡಗು, ಉಲ್ಟಾ ಆದರೇನು, ಸುಲ್ಟಾ ಆದರೇನು. ಉಳಿದ ಪಟ್ಟಿಗಳನ್ನೂ ಹಾಗೇ ಅಂಟಿಸುತ್ತ ಹೋದಳು.

ಮೊದಲು ಗೊತ್ತಾದದ್ದು ದಾರದ ಉಂಡೆಯಿಂದ. ಮೇಜಿನ ಮೇಲಿಟ್ಟ ಉಂಡೆ ನಿಧಾನವಾಗಿ ಎಡಕ್ಕೆ ಉರುಳಿ ಅಂಚಿನಲ್ಲಿ ನಿಂತಿತು. ಎತ್ತಿಡಲು ಅವಳು ಕೈ ಚಾಚುವಷ್ಟರಲ್ಲಿ ತಾನೇ ಬಲಕ್ಕೆ ಉರುಳಿ ಹೊರಟಿತು. ಕತ್ತೆತ್ತಿ ನೋಡಿದರೆ ಗೂಟದಲ್ಲಿದ್ದ ಕೋಟುಗಳೆಲ್ಲ ಒಟ್ಟಿಗೆ ಗೋಡೆಯಿಂದ ದೂರ ಸರಿದು, ಒಟ್ಟಿಗೆ ವಾಪಸು ಒರಗುತ್ತಿದ್ದವು. ಕಿಟಕಿ ಮುಚ್ಚಿತ್ತು; ಗಾಳಿ ಇರಲಿಲ್ಲ.

ಬಟ್ಟೆ ಒಯ್ಯಲು ಬಂದ ನರ್ಸಮ್ಮನಿಗೆ ಅಳುಕುತ್ತಲೇ ಹೇಳಿದಳು. "ನೆಲ ಒಂದು ಥರಾ ಓಲಾಡ್ದಂಗೆ ಆಗುತ್ತೆ ಅಲ್ವಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹೊತ್ತಿಗೆ ಸರಿಯಾಗಿ ಊಟ ಮಾಡು ಮೊದಲು. ಬಗ್ಗಿ ಬಗ್ಗಿ ರಕ್ತವೆಲ್ಲ ತಲೆಗೇರಿದೆ," ಎಂದವಳು ಒಳಗಿಣುಕಿ ಕಣ್ಣರಳಿಸಿದಳು. "ಓಹೋ! ಸಾಹೇಬ್ರು ಹೊರಗೆ ಹೋಗೋಕೆ ಶುರು ಮಾಡಿದಾರೆ! ನನಗೆ ಹೇಳಲೇ ಇಲ್ಲ ನೋಡು."

"ಎಲ್ಲಿ ಹೋದ? ಇಲ್ವಲ್ಲ."

"ಮತ್ತೆ ಮುಖ ಬಿಸಿಲಿಗೆ ಕಂದಿದೆ? ನನ್ನ ಕಣ್ಣಿಗೆ ಮಣ್ಣೆರಚ್ತೀಯಾ?"

ನಿಜ. ತಮ್ಮನ ಮೂಗೂ ಕೆನ್ನೆಯೂ ಬಿಸಿಲಿಗೆ ಸುಟ್ಟಂತೆ ಕಪ್ಪಾಗಿದ್ದವು. ಒಗೆಯಲು ಹಾಕಿದ ಅವನ ಅಂಗಿಯ ತೋಳಿನಲ್ಲಿ, ನೀರು ಆರಿದ ಗೆರೆಗುಂಟ ಬೆಳ್ಳನೆಯ ಪುಡಿ. ಅಕ್ಕ ನಾಲಗೆಗೆ ಮುಟ್ಟಿಸಿದಳು. ಉಪ್ಪು.

ಅವನೀಗ ದಿನವೆಲ್ಲ ಹಡಗನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹೊಟ್ಟೆಯ ಕೆಳಗೆ ಕೊನೆಯ ಪಟ್ಟಿಗೆಂದು ಉಳಿದಿದ್ದ ಬಿರುಕಿಗೆ ಕಣ್ಣಿಟ್ಟು ಕೂತಿರುತ್ತಿದ್ದ. ಕರೆದರೆ ತಡವಾಗಿ ಓಗೊಡುತ್ತಿದ್ದ, ದೂರದಿಂದ ಬಂದವನಂತೆ.

"ಏನು ಕಾಣುತ್ತೋ ಅದರಲ್ಲಿ?"

"ಹೊರಗೆ," ಎಂದ ತಮ್ಮ. "ಚೆನ್ನಾಗಿದೆ ಅಕ್ಕಾ. ಅಲ್ಲಿ ಎಲ್ಲವೂ ಓಲಾಡುತ್ತೆ. ಬೀಳೋದಕ್ಕೆ ಕೆಳಗೆ ಅನ್ನೋದೇ ಇಲ್ಲ."

ಅಕ್ಕ ಹಡಗನ್ನು ಅವನ ತೊಡೆಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಹೊರಗೆ ಹೋಗಲಿ ಎಂದು ಹಂಬಲಿಸಿದ್ದೇನೋ ನಿಜ, ಆದರೆ ಈ ಹೊರಗಿಗಲ್ಲ. ಬೀದಿಯ ಬಾಗಿಲು ತೋರಿಸಬೇಕಾದವಳು ತಾನೇ ಕೂತು, ತಮ್ಮ ಹಾದು ಹೋಗುವಂತೆ, ಇನ್ನೊಂದು ಬಾಗಿಲು ಮಾಡಿಕೊಟ್ಟೆನಲ್ಲ! ಬಿಚ್ಚಿಬಿಡಲೇ? ಸಮುದ್ರವೇ ಅದರೊಳಗಿದ್ದರೆ ಬಿಚ್ಚಿದಾಗ ಎಲ್ಲಿಗೆ ಹರಿಯುತ್ತದೆ? ಮುಚ್ಚಿಬಿಡಲೇ? ಮುಚ್ಚುವಾಗ ಅವನು ಯಾವ ಕಡೆ ಇರುತ್ತಾನೆ? ಉಳಿದಿದ್ದದ್ದು ಒಂದೇ ಪಟ್ಟಿ. ಅದನ್ನು ನೆನೆಸಿ, ಬಾಗಿಸಿ, ಅಂಟು ಸವರಿ, ಮತ್ತೆ ಒರೆಸಿ ಇಟ್ಟಳು. ನಾಳೆ ಯೋಚಿಸೋಣ ಎಂದುಕೊಂಡಳು. ಹೀಗೆ ಎಷ್ಟೋ ನಾಳೆಗಳಾದವು.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅಕ್ಕ ಯಂತ್ರದ ಮುಂದೆ ಕೂತು ಒಂದು ಕೋಟಿಗೆ ಒಳಬಟ್ಟೆಯ ಅಸ್ತರು ಹಾಕುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಿತ್ತು, ಅದು ಅವಳ ಬೆನ್ನ ಹಿಂದೆಯೇ ಇತ್ತು. ಒಳಗಿನಿಂದ ನೀರು ಮರಕ್ಕೆ ಬಡಿಯುವ ಸದ್ದು ಬರುತ್ತಿತ್ತು, ಈಚೆಗೆ ಅದು ಅಭ್ಯಾಸವಾಗಿತ್ತು. ಇದ್ದಕ್ಕಿದ್ದಂತೆ ಆ ಸದ್ದು ನಿಂತಿತು.

"ಲೋ?"

ಕೋಟು ಕೈಯಲ್ಲೇ ಹಿಡಿದು ಒಳಗೆ ಓಡಿದಳು. ಮಂಚ ಖಾಲಿ. ಹೊದಿಕೆ ಒದ್ದೆ. ಚಪ್ಪಲಿ ಇದ್ದಲ್ಲೇ ಇದ್ದವು. ಅಡುಗೆಮನೆಯಲ್ಲಿಲ್ಲ, ಬಚ್ಚಲಲ್ಲಿಲ್ಲ, ಮಂಚದ ಕೆಳಗಿಲ್ಲ. ಮನೆಗಿರುವ ಒಂದೇ ಬಾಗಿಲನ್ನು ಅವಳೇ ಕಾಯುತ್ತಿದ್ದಳು. ಮೇಜಿನ ಮೇಲೆ ಹಡಗು ಮಗುಚಿಕೊಂಡಿತ್ತು, ಹೊಟ್ಟೆಯ ಬಿರುಕು ಮೇಲೆ ಮಾಡಿ. ಅವಳು ಕಿವಿ ಇಟ್ಟಳು.

"ಇಲ್ಲೇ ಇದೀನಿ ಅಕ್ಕಾ," ಎಂದಿತು ಧ್ವನಿ, ಬಹಳ ದೂರದಿಂದ. "ಇಲ್ಲಿ ಹಿಡ್ಕೊಳ್ಳೋದೇ ಬೇಡ. ಆ ಪಟ್ಟಿ ಮುಚ್ಚಿಬಿಡು. ನೀನೂ ನಿಶ್ಚಿಂತೆಯಾಗಿರು."

ಬುದ್ಧಿ ಕೈಕೊಟ್ಟಾಗ ಮನುಷ್ಯರಿಗೆ ಉಳಿಯುವುದು ಕಸುಬು. ಅಸ್ತರು ಹಾಕಿದ ಕೋಟನ್ನು ಸುತ್ತಲೂ ಹೊಲಿದ ಮೇಲೆ ಮಗುಚುವುದು ಹೇಗೆ? ಒಂದು ಕಡೆ ಕೈ ಹಿಡಿಸುವಷ್ಟು ಹೊಲಿಗೆ ಬಿಟ್ಟಿರುತ್ತಾರೆ. ಅದರೊಳಗೆ ಕೈ ತೂರಿಸಿ, ತಡಕಿ, ತೀರ ದೂರದ ತುದಿಯನ್ನು ಹಿಡಿದು ಎಳೆದರೆ ಇಡೀ ಕೋಟು ಆ ಸಂದಿಯಿಂದಲೇ ಹೊರಬಂದು ಸುಲ್ಟಾ ಆಗುತ್ತದೆ. ಅಕ್ಕ ಬಳೆ ತೆಗೆದು, ಬೆರಳು ಕೂಡಿಸಿ, ಬಿರುಕಿನೊಳಗೆ ಕೈ ತೂರಿಸಿದಳು.

ಮಣಿಕಟ್ಟು ಹೋಯಿತು. ಮೊಣಕೈ ಹೋಯಿತು. ಮೊಳದುದ್ದದ ಹಡಗಿನಲ್ಲಿ ಭುಜದವರೆಗೆ ಹೋದರೂ ತಳ ಸಿಗಲಿಲ್ಲ. ಕೊರೆಯುವ ನೀರು, ಅದರ ಎಳೆತ. ಕೆನ್ನೆ ಮರಕ್ಕೆ ಒತ್ತಿ ತಡಕಿದಳು. ಒದ್ದೆ ಬೆರಳುಗಳು ತಗುಲಿದವು.

"ಬಿಡು ಅಕ್ಕಾ!"

"ಬಿಡಲ್ಲ ಹೋಗೋ!" ಎಂದವಳೇ ಮಣಿಕಟ್ಟು ಹಿಡಿದು ಕಣ್ಮುಚ್ಚಿ ಎಳೆದಳು.

ಮರ ಮುರಿಯಲಿಲ್ಲ. ದಪ್ಪ ಬಟ್ಟೆ ಮಗುಚಿಕೊಳ್ಳುವ ಸದ್ದಷ್ಟೇ ಬಂತು. ಮೊದಲು ಮೇಜು ಆ ಸಂದಿಯ ಮೂಲಕ ಜಾರಿತು, ಆಮೇಲೆ ಮಂಚ, ಆಮೇಲೆ ಗೋಡೆಗಳು, ಗೂಟದ ಕೋಟುಗಳು, ಕೊನೆಗೆ ಬೆಳಕು.

ಕಣ್ಣು ಬಿಟ್ಟಾಗ ಇಬ್ಬರೂ ಬೀದಿಯಲ್ಲಿ ನಿಂತಿದ್ದರು. ನೆತ್ತಿಯ ಮೇಲೆ ಸೂರ್ಯ. ತಮ್ಮ ಬರಿಗಾಲಲ್ಲಿ, ತಲೆಯಿಂದ ನೀರು ತೊಟ್ಟಿಕ್ಕುತ್ತ ಸುತ್ತ ನೋಡುತ್ತಿದ್ದ. ಹಿಂದೆ ಅವರ ಮನೆ, ಬಾಗಿಲು ಮುಚ್ಚಿಯೇ ಇತ್ತು. ಕಿಟಕಿಯ ಗಾಜಿನಾಚೆ ಅರ್ಧದವರೆಗೆ ಬೂದುಬಣ್ಣದ ನೀರು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು.

"ಅಕ್ಕಾ," ಎಂದ ತಮ್ಮ ಬೆರಗಿನಿಂದ. ಕತ್ತೆತ್ತಿ ಆಕಾಶ ನೋಡಿದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. "ಏನೂ ಆಗ್ತಿಲ್ಲ. ಎಂಥ ಹುಚ್ಚ ನಾನು, ಇಷ್ಟಕ್ಕೆ ಹೆದರ್ಕೊಂಡು ಕೂತಿದ್ನಾ! ಮೇಸ್ತ್ರಿ ಮನೆಗೆ ಈಗಲೇ ಹೋಗಿ ಬರ್ತೀನಿ. ಕೈ ಬಿಡು."

ಅಕ್ಕನಿಗೆ ಹೇಳತೀರದ ಸಂತೋಷವಾಗಬೇಕಿತ್ತು. ಕೈ ಬಿಡಲು ನೋಡಿದಳು. ಬೆರಳು ಬಿಚ್ಚಲಿಲ್ಲ. ಕಾಲಡಿಯ ಕಲ್ಲುಹಾಸು ತೆಳ್ಳಗೆ, ಬಟ್ಟೆಯಷ್ಟು ತೆಳ್ಳಗೆ ಅನ್ನಿಸಿತು. ಮೇಲೆ ನೋಡಿದಳು. ಆಕಾಶ ಕೆಳಗಿತ್ತು, ತಳವಿಲ್ಲದೆ. ಇನ್ನೊಂದು ಕೈಯಿಂದ ದೀಪದ ಕಂಬವನ್ನು ತಬ್ಬಿದಳು.

ಡ್ಯೂಟಿ ಮುಗಿಸಿ ಬರುತ್ತಿದ್ದ ನರ್ಸಮ್ಮ ದೂರದಿಂದಲೇ ಕೂಗಿದಳು. "ಅಬ್ಬಾ! ಕೊನೆಗೂ ಹೊರಗೆ ಬಂದ್ಯಲ್ಲೋ ಮಾರಾಯ!" ಹತ್ತಿರ ಬಂದು ಅಕ್ಕನನ್ನು ನೋಡಿ ನಕ್ಕಳು. "ಇವಳಿಗೇನಾಯ್ತು, ಹಾವು ಕಂಡೋರ ಥರ ಕಂಬ ಹಿಡ್ಕೊಂಡಿದಾಳೆ? ತಲೆ ಸುತ್ತು ಬಂದಿರ್ಬೇಕು. ಹಿಡ್ಕೋ, ಒಳಗೆ ಕರ್ಕೊಂಡು ಹೋಗಿ ಮಲಗಿಸೋಣ."

"ಒಳಗೆ ಬೇಡ," ಎಂದಳು ಅಕ್ಕ. ಹೊಸ್ತಿಲ ಕೆಳಗಿನಿಂದ ಒಂದು ಸಣ್ಣ ನೀರಿನ ಎಳೆ ಮೆಟ್ಟಿಲಿಳಿದು ಬರುತ್ತಿತ್ತು.

"ಹಾಗಾದ್ರೆ ಇಲ್ಲೇ ನಿಂತಿರ್ತೀಯಾ?"

ತಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ, ಮೃದುವಾಗಿ, ತನ್ನ ಮಣಿಕಟ್ಟಿನಿಂದ ಬಿಡಿಸಿ ಕಂಬದ ಮೇಲಿಟ್ಟ. "ಬಂದುಬಿಡ್ತೀನಿ ಅಕ್ಕಾ. ಇಲ್ಲೇ ಇರು," ಎಂದು ಬರಿಗಾಲಲ್ಲಿ ಬೀದಿಯುದ್ದಕ್ಕೂ ಹಗುರಾಗಿ ನಡೆದು ಹೋದ. ಅವಳು ಕಣ್ಣು ಮುಚ್ಚಿ, ಕಂಬಕ್ಕೆ ಕೆನ್ನೆ ಒತ್ತಿ, ದೂರವಾಗುತ್ತಿದ್ದ ಅವನ ಹೆಜ್ಜೆಯ ಸದ್ದು ಕೇಳುತ್ತ ನಿಂತಳು.