ಕಿತ್ತೂರಿನಲ್ಲಿ ಡೈನೋಸಾರ್

ಕಿತ್ತೂರಿನ ಮ್ಯೂಸಿಯಂನಲ್ಲಿ ಡೈನೋಸಾರ್ ತೋರಿಸುತ್ತೇನೆಂದು ಸಪ್ನಾಳ ಗಂಡ ತನ್ನ ಮಕ್ಕಳಿಗೆ ಮಾತು ಕೊಟ್ಟಿದ್ದ. ಅವನು ತೀರಿಕೊಂಡ ಮೇಲೆ ಆ ಮಾತು ಅವಳ ಪಾಲಿಗೆ ಬಂತು. ಮಕ್ಕಳನ್ನು ಕರೆದುಕೊಂಡು ಬಂದು ಒಳಗೆ ನೋಡಿದರೆ ಬರೀ ಕತ್ತಿ, ಮುರಿದ ಮೂರ್ತಿಗಳು.

“ಡೈನೋಸಾರ್ ಎಲ್ಲೈತ್ರಿ ಕಾಕಾ?” ಮಗ ಶ್ರೀಶೈಲ ಕಾವಲುಗಾರನನ್ನು ಕೇಳಿದ.

“ಊಟಕ್ಕ ಹೋಗೇತಿ ತಮ್ಮಾ,” ಎಂದು ಅವನು ನಕ್ಕ.

“ಸುಳ್ಳ! ಅದರ ಎಲುಬು ಮಣ್ಣಾಗ ಕಲ್ಲಾಗಿರತಾವ. ಅಗದ ತಗೀಬೇಕು.”

ಕಿರಿಯ ಮಗಳು ತಾಯಿಯ ಕೈ ಜಗ್ಗಿದಳು. “ಅವ್ವಾ, ಅಪ್ಪಾನ್ನೂ ಮಣ್ಣಾಗ ಕುಂಡ್ರಿಸಿ ಮುಚ್ಯಾರಲ್ಲ, ಯಾವಾಗ ತಗೀತಾರ?”

ಕಾವಲುಗಾರನ ನಗು ನಿಂತಿತು. ತೆಗೆಯುವುದೇ ಇಲ್ಲ ಎನ್ನಹೊರಟ ಸಪ್ನಾ, ಮಗಳ ಕೈ ಹಿಡಿದುಕೊಂಡು ಬೇರೆಯೇ ಹೇಳಿದಳು.

“ಭಾಳ ವರ್ಷ ಆಗಬೇಕವ್ವಾ.”

“ಡೈನೋಸಾರಿಗೆ ಆದಷ್ಟು?”

“ಹೂಂ, ಅಷ್ಟು.”

ಮಕ್ಕಳಿಗೆ ಅಷ್ಟು ಸಾಕಾಯಿತು, ಹೊರಗಿನ ಅಂಗಳದಲ್ಲಿದ್ದ ಫಿರಂಗಿ ನೋಡಲು ಓಡಿದರು. ಅಷ್ಟೂ ವರ್ಷಗಳನ್ನು ಮುಂದಿಟ್ಟುಕೊಂಡು ಸಪ್ನಾ ಒಬ್ಬಳೇ ನಿಂತಳು.