ಆ ಕಾಲದ್ದಲ್ಲದ ಕೊಕ್ಕೆ

ಎಡಗೈ ಏಳಲಿಲ್ಲ.

ಅವನು ಸ್ವಿಚ್ಚನ್ನು ಮತ್ತೊಮ್ಮೆ ಎಡಕ್ಕೆ ತಿರುಗಿಸಿ, ಕಾರಿನಿಂದಿಳಿದು, ಎರಡು ಬಾಗಿಲುಗಳ ನಡುವಿನ ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದ. ತಿರುವು ತೋರಿಸಲು ಮಿಣುಕುವ ದೀಪಗಳು ಬರುವ ಮುಂಚಿನ ಕಾರು ಅದು. ತಿರುಗುವಾಗ ಆ ಕಂಬದ ಸೀಳಿನಿಂದ ಗೇಣುದ್ದದ ಕೈಯೊಂದು ಹೊರಕ್ಕೆ ಚಾಚಬೇಕು, ಅದರ ಕಿತ್ತಳೆ ಗಾಜು ಬೆಳಗಬೇಕು. ಹಿಂದೆ ಯಾರೋ ಪುಣ್ಯಾತ್ಮರು ಕೈಗಳನ್ನು ಕಿತ್ತು ಸೀಳಿಗೆ ತಗಡು ಬಡಿದಿದ್ದರು. ಆ ಕಾಲದ್ದೇ ಒಂದು ಜೊತೆ ಹುಡುಕುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು.

ವೃತ್ತಿಯಲ್ಲಿ ಅವನು ಹಲ್ಲಿನ ಡಾಕ್ಟರು. ಕೆರೆಯುವುದು, ತುಂಬುವುದು, ಕೂರಿಸುವುದು ದಿನನಿತ್ಯದ ಕೆಲಸ. ಬಾಯಿ ತೆರೆದು ಕೂತವರ ಜೊತೆ ಮಳೆ, ಬೆಲೆ, ರಾಜಕೀಯ ಅಂತ ಇಡೀ ದಿನ ಮಾತಾಡುತ್ತಿದ್ದ. ಯಾರೂ ತಿರುಗಿ ಉತ್ತರ ಕೊಡುತ್ತಿರಲಿಲ್ಲ. ಅದು ಅವನಿಗೆ ಒಗ್ಗಿಹೋಗಿತ್ತು. ಕಾರು ಇನ್ನೂ ಒಳ್ಳೆಯದು, ನರಳುವುದೂ ಇಲ್ಲ.

ಬೆಳಿಗ್ಗೆ ತಟ್ಟೆ ಎತ್ತುತ್ತಾ ಹೆಂಡತಿ ಕೇಳಿದ್ದಳು: “ಬರ್ತೀರಾ, ಇಲ್ವಾ?”

ಬಂದರಿನ ಊರೊಂದರ ಶಾಲೆಯಲ್ಲಿ ಅವಳಿಗೆ ಮುಖ್ಯೋಪಾಧ್ಯಾಯಿನಿಯ ಕೆಲಸ ಸಿಕ್ಕಿತ್ತು. ಮಂಗಳವಾರ ಹೊರಡಬೇಕು. ಅವಳ ಪೆಟ್ಟಿಗೆಗಳು ನಡುಮನೆಯಲ್ಲಿ ಸಾಲಾಗಿ ಕೂತಿದ್ದವು. ಅವನು ದಿನವೂ ಅವುಗಳನ್ನು ಸುತ್ತಿಬಳಸಿ ಓಡಾಡುತ್ತಿದ್ದ.

“ಈ ಕಾರಿಂದು ಒಂದು ಮುಗೀಲಿ. ಸಂಜೆ ಹೇಳ್ತೀನಿ.”

“ಸಂಜೆ ಅಂದ್ರೆ ಸಂಜೆ. ಆಮೇಲೆ ನಾನು ಕೇಳಲ್ಲ.”

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ, ನಲ್ಲಿ ತಿರುಗಿಸಿ ತಟ್ಟೆ ತೊಳೆದಳು. ಅವನಿಗೆ ನಿಜವಾಗಿ ಭಯವಾಯಿತು.

ಬರುತ್ತೇನೆ ಎನ್ನಲೂ ಬರುವುದಿಲ್ಲ ಎನ್ನಲೂ ಮನಸ್ಸಿಗೆ ಏನಾದರೂ ಬೇಕಾಗಿರಬೇಕಲ್ಲ. ಅವನು ತನ್ನೊಳಗೆ ಹುಡುಕಿ ನೋಡಿದ್ದ. ಸಿಕ್ಕಿದ್ದು ಭಾನುವಾರದ ಕ್ಲಿನಿಕ್ಕಿನಂಥದ್ದು. ಎಲ್ಲ ಒರೆಸಿ ಇಟ್ಟಿದೆ, ಕುರ್ಚಿ ಖಾಲಿ. ತಿಂಡಿ ಮುಗಿಸಿ ಎದ್ದು ನೇರ ಕಾರಿನ ಶೆಡ್ಡಿಗೆ ಬಂದಿದ್ದ.

ಮಧ್ಯಾಹ್ನ ಹಳೆ ಕಾರುಗಳ ಕ್ಲಬ್ಬಿನ ಕಾರ್ಯದರ್ಶಿ ಬಂದ. ಮುಂದಿನ ವಾರದ ಪ್ರದರ್ಶನಕ್ಕೆ ಯಾವ ಕಾರು ಯೋಗ್ಯ ಎಂದು ತೀರ್ಮಾನಿಸುವವನು ಅವನೇ. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಭೂತಗನ್ನಡಿ, ಮುಖದಲ್ಲಿ ಸಾವಿನ ಮನೆಗೆ ಬಂದವನ ಗಾಂಭೀರ್ಯ.

“ಹಾರ್ನು ಆ ಕಾಲದ್ದು. ಸರಿ. ಕನ್ನಡಿ… ಸರಿ. ಲಗೇಜು ಕಟ್ಟೋ ಚೌಕಟ್ಟು ಎಲ್ಲಿ ಸಿಕ್ತು ಡಾಕ್ಟ್ರೇ?”

“ಒಬ್ಬರ ಕೋಳಿಗೂಡಿನ ಮೇಲಿತ್ತು.”

“ಭೇಷ್. ಎಷ್ಟು ಓಡಿಸಿದೀರಿ?”

“ಗೇಟಿನ ತನಕ.”

“ಒಳ್ಳೇದು. ಓಡಿಸಿದ್ರೆ ಹಾಳಾಗುತ್ತೆ.” ಅವನು ತಲೆಯನ್ನು ಒಳಗೆ ತೂರಿಸಿ ಟಾರ್ಚು ಬಿಟ್ಟ. “ಇದೇನಿದು, ಡ್ಯಾಶ್‌ಬೋರ್ಡಿನ ಕೆಳಗೆ, ಕೊಕ್ಕೆ?”

“ಚೀಲ ನೇತುಹಾಕೋಕೆ.”

“ಆ ಕಾಲದ್ದಲ್ಲ. ಅಡುಗೆಮನೆ ಕೊಕ್ಕೆ ಇದ್ದ ಹಾಗಿದೆ. ಕಿತ್ತುಬಿಡಿ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಿರಬೇಕು.”

ಕಾರ್ಯದರ್ಶಿ ನೀರು ಕುಡಿದು ಹೊರಟುಹೋದ. ಅವನು ಸ್ಕ್ರೂಡ್ರೈವರ್ ಹಿಡಿದು ಸೀಟಿನಲ್ಲಿ ಅಡ್ಡ ಬಿದ್ದುಕೊಂಡ. ಅದು ಅಡುಗೆಮನೆಯ ಕೊಕ್ಕೆಯೇ. ಚಿಕ್ಕಪ್ಪ ಈ ಕಾರನ್ನು ಕೊಟ್ಟ ವರ್ಷವೇ ಅವನಿಗೂ ಅವಳಿಗೂ ಮದುವೆಯಾಗಿತ್ತು. ಪ್ರತಿ ತಿರುವಿನಲ್ಲೂ ಚೀಲ ಉರುಳುತ್ತದೆ ಅಂತ ಅವಳೇ ಒಂದು ದಿನ ತಿರುಪು ಹಾಕಿ ಕೂರಿಸಿದ್ದಳು. ಸೊಟ್ಟಗೆ. ಅವನು ನಕ್ಕಿದ್ದಕ್ಕೆ, ಚೀಲಕ್ಕೇನು ಗೊತ್ತಾಗುತ್ತೆ ಅಂದಿದ್ದಳು. ಆ ಬೇಸಿಗೆಯಲ್ಲಿ ದಾರಿ ಗೊತ್ತಿಲ್ಲದ ಊರುಗಳಿಗೆಲ್ಲ ಹೋಗಿದ್ದರು. ಆಮೇಲೆ ಕಾರು ಕೈಕೊಟ್ಟಿತು, ಕ್ಲಿನಿಕ್ಕು ಶುರುವಾಯಿತು.

ಕಾರ್ಖಾನೆಯಿಂದ ಬಂದ ದಿನ ಅಂದರೆ ಇದರಲ್ಲಿ ಇನ್ನೂ ಯಾರೂ ಕೂರದ ದಿನ. ಇಷ್ಟು ವರ್ಷ ತಾನು ಬೆವರು ಸುರಿಸಿ ಹತ್ತಿರ ಹೋಗುತ್ತಿರುವುದು ಆ ದಿನಕ್ಕೆ. ಹೀಗೆಂದುಕೊಳ್ಳುತ್ತಲೇ ಅವನ ಕೈ ತಿರುಪನ್ನು ಬಿಚ್ಚಿ ಮುಗಿಸಿತ್ತು, ಅಭ್ಯಾಸ ಹಾಗೆ. ಕೊಕ್ಕೆಯನ್ನು ಜೇಬಿಗೆ ಹಾಕಿಕೊಂಡ. ಕೊಕ್ಕೆಯಿದ್ದಲ್ಲಿ ಒಂದು ತೂತು ಉಳಿಯಿತು.

ಎಡಗೈಯದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಒಬ್ಬರು ಒಳಗೆ ಕೂತು ಸ್ವಿಚ್ಚು ತಿರುಗಿಸುತ್ತಿರಬೇಕು, ಇನ್ನೊಬ್ಬರು ಹೊರಗೆ ನಿಂತು ಸ್ಪ್ರಿಂಗಿನ ತಿರುಪನ್ನು ಹದ ಮಾಡಬೇಕು. ಅವನು ಉದ್ದ ಕಡ್ಡಿ ಕಟ್ಟಿ ನೋಡಿದ, ಹಗ್ಗ ಕಟ್ಟಿ ಎಳೆದು ನೋಡಿದ. ಬಿಸಿಲು ಇಳಿಯತೊಡಗಿತು. ಕೊನೆಗೆ ಶೆಡ್ಡಿನ ಬಾಗಿಲಲ್ಲಿ ನಿಂತು ಮನೆಯ ಕಡೆ ನೋಡಿದ. ಅವಳು ಎಲ್ಲಿಗೋ ಹೊರಟಿದ್ದಳು, ಹೆಗಲಿಗೆ ಚೀಲವಿತ್ತು.

“ಒಂದ್ನಿಮಿಷ ಬಾ. ಒಳಗೆ ಕೂತು ಸ್ವಿಚ್ ತಿರುಗಿಸಬೇಕು, ಅಷ್ಟೇ.”

ಅವಳು ಗಡಿಯಾರ ನೋಡಿಕೊಂಡಳು. ಬಂದಳು. ಈ ಕಾರಿನಲ್ಲಿ ಅವಳು ಕೂತು ಎಷ್ಟೋ ಕಾಲವಾಗಿತ್ತು. ಆದರೂ ಕೂರುತ್ತಲೇ, ನೋಡದೆಯೇ, ಚೀಲವನ್ನು ಕೊಕ್ಕೆಯಿದ್ದ ಜಾಗಕ್ಕೆ ಒಯ್ದು ಕೈಬಿಟ್ಟಳು.

ಚೀಲ ದೊಪ್ಪೆಂದು ಬಿತ್ತು. ಬೀಗದ ಕೈ, ಕನ್ನಡಕ, ಬಾಚಣಿಗೆ ಎಲ್ಲ ಅವಳ ಕಾಲ ಬಳಿ ಚೆಲ್ಲಿದವು.

ಅವಳು ತೂತನ್ನು ನೋಡಿದಳು. “ಓ. ಕೊಕ್ಕೇನೂ ಆ ಕಾಲದ್ದಲ್ಲ ಅಂತಾಯ್ತಾ?”

ಅವನು ಏನೋ ಹೇಳಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ತನ್ನ ಕುರ್ಚಿಯಲ್ಲಿ ಕೂತವರಿಗೆ ಹೇಗಾಗುತ್ತದೆ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು.

“ಯಾವ ಕಡೆ ತಿರುಗಿಸ್ಲಿ?” ಅವಳೇ ಕೇಳಿದಳು.

“ಎಡಕ್ಕೆ.”

ಟಕ್ಕೆಂದು ಸದ್ದಾಯಿತು. ಕೈ ಅರ್ಧ ಎದ್ದು ಮಲಗಿತು. ಅವನು ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದ. “ಮತ್ತೆ.” ಈ ಸಲ ಪೂರ್ತಿ ಎದ್ದು ನಿಂತಿತು, ಗಾಜು ಬೆಳಗಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಅವಳ ಮುಖ ಅರಳಿದ್ದನ್ನು ಅವನು ಕಂಡ. ಅವನಿಗೆ ತುಂಬ ಸಂತೋಷವಾಯಿತು, ತನಗಿನ್ನೂ ಹೀಗಾಗುತ್ತದೆಯೇ ಎಂದು ಆಶ್ಚರ್ಯವೂ ಆಯಿತು.

“ಈಗ ಬಲಕ್ಕೆ.”

ಬಲಗೈ ಎದ್ದಿತು. ಎಡಗೈಯ ದೀಪ ಆರಿತು, ಕೈ ಮಾತ್ರ ಇಳಿಯಲಿಲ್ಲ.

“ಸಂಜೆ ಆಯ್ತು ಕಣ್ರೀ,” ಅವಳು ಮುಂದಿನ ಗಾಜನ್ನೇ ನೋಡುತ್ತಾ ಅಂದಳು.

ಅವನು ಜೇಬಿಗೆ ಕೈಹಾಕಿದ. ಕೊಕ್ಕೆ ಬೆಚ್ಚಗಿತ್ತು.

“ಆ ಊರಲ್ಲಿ… ಹಲ್ಲು ನೋವಿರೋರು ಇರ್ತಾರಾ?”

ಅವಳು ಬಗ್ಗಿ ಕನ್ನಡಕ ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

“ಹಲ್ಲಿರೋರು ಎಲ್ಲ ಕಡೆ ಇರ್ತಾರೆ. ಎಷ್ಟು ಜನ ಬರ್ತಾರೋ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ.”

“ಬರ್ತೀನಿ ಅಂತ ಹೇಳ್ತಿದೀರಾ?”

“ಸ್ವಲ್ಪ ಆ ಕಡೆ ಸರಿ,” ಅಂದ. ಅವಳು ಸರಿದಳು. ಅವನು ಪಕ್ಕದಲ್ಲಿ ತೂರಿಕೊಂಡು, ಹಳೆಯ ತೂತಿಗೇ ಕೊಕ್ಕೆಯನ್ನಿಟ್ಟು ತಿರುಪು ಬಿಗಿಯತೊಡಗಿದ. ಕೊಕ್ಕೆ ಈಗಲೂ ಸೊಟ್ಟಗೇ ಕೂತಿತು.

ಶೆಡ್ಡಿನಲ್ಲಿ ಗೇಟಿನ ಕಡೆ ಮುಖ ಮಾಡಿ ನಿಂತ ಕಾರು, ದೀಪ ಹತ್ತಿದ್ದೊಂದು, ಹತ್ತದ್ದೊಂದು, ಎರಡೂ ಕೈಗಳನ್ನು ಚಾಚಿಕೊಂಡೇ ಇತ್ತು, ಎತ್ತಿಕೋ ಎಂದು ಕಾಯುವ ಮಗುವಿನ ಹಾಗೆ.