ಸೊನ್ನೆ ಎಂದು ಬಂದ ನಿಲ್ದಾಣ

ಈಗ ಬೀಳುತ್ತದೆ, ಈಗ ಬಿದ್ದೇಬಿಡುತ್ತದೆ — ಹೊರಗಿನಿಂದ ಬಂದ ಪರೀಕ್ಷಕರು ಚಹಾದಲ್ಲಿ ಅದ್ದಿದ ಬಿಸ್ಕತ್ತು ಅವರ ಬೆರಳ ತುದಿಯಲ್ಲಿ ಬಾಗಿ ನಿಂತಿದೆ, ಅದರ ಕೆಳಗೆ ಅವಳ ಪ್ರಬಂಧ, ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಓದಿದ ಎರಡು ವರ್ಷ ಒಂದು ನೀಲಿ ರಟ್ಟಿನೊಳಗೆ, ಬಿದ್ದರೆ ಬೀಳಲಿ, ನೆನೆದು ಹಾಳಾಗಲಿ ಎಂದುಕೊಂಡಳು, ಆದರೆ ಅವರು ಸರಿಯಾದ ಹೊತ್ತಿಗೆ ಬಾಯಿಗಿಟ್ಟುಕೊಂಡರು, ದೊಡ್ಡವರಿಗೆ ಎಲ್ಲ ಸರಿಯಾದ ಹೊತ್ತಿಗೇ ಆಗುತ್ತದೆ, ಪಕ್ಕದಲ್ಲಿ ಮಾರ್ಗದರ್ಶಕಿ ಮೇಡಂ ಮಗಳ ಮದುವೆಯಲ್ಲಿ ಕೂತವರ ಹಾಗೆ ಕೂತಿದ್ದಾರೆ, ಹಿಂದಿನ ಸಾಲಿನಲ್ಲಿ ಸಾರಿಗೆ ಇಲಾಖೆಯ ಅಧಿಕಾರಿ, ಇವತ್ತು ನಿಂದು ಪಾಸಾದ್ರೆ ಜನ ಹತ್ತದ ನಿಲ್ದಾಣ ತೆಗೆಯೋ ಈ ಸೂತ್ರಾನೇ ಇಡೀ ಊರಿಗೆ ಕಣಮ್ಮ, ಒಂದು ರೂಟಲ್ಲಿ ಹಾಕಿ ನೋಡಿದ್ವಲ್ಲ, ಬಸ್ಸು ಹೇಗೆ ಓಡ್ತಿವೆ ನೋಡಿದ್ಯಾ, ಎಂದು ಬಾಗಿಲಲ್ಲೇ ಕೇಳಿದ್ದರು — ನೋಡಿದ್ದಾಳೆ, ನಿಲ್ಲದೆ ಓಡುತ್ತವೆ, ಅವಳು ಬೆಳೆದ ಬೀದಿಯ ತುದಿಯಲ್ಲಿ ಮೊದಲು ನಿಲ್ಲುತ್ತಿದ್ದವು, ಈಗ ಅಲ್ಲಿ ಕಂಬ ಇದೆ, ಫಲಕ ಇಲ್ಲ, ಕಂಬದ ಪಕ್ಕದಲ್ಲಿ ಎತ್ತಿಹಿಡಿದ ಒಂದು ಕೈ, ಬೇಡ, ಈಗ ಅದು ಬೇಡ, ಪರದೆಯನ್ನು ನೋಡು, ಮುಂದಿನ ಚಿತ್ರ ಹಾಕು.

ಆ ಕೈಯೇ ಅವಳನ್ನು ಸಾಕಿದ್ದು, ಅಮ್ಮ ಹೋದ ಮೇಲೆ ದೊಡ್ಡಮ್ಮನೇ ಅಮ್ಮ, ಒಗೆದ ಬಟ್ಟೆ ಮಡಿಸುತ್ತ ಪದ್ಯ ಹೇಳುತ್ತಿದ್ದಳು, ರಾಗ ಏರಿಸಿ ಕೊನೆಯ ಪದದ ಹತ್ತಿರ ಬಂದು ಗಕ್ಕನೆ ನಿಲ್ಲಿಸಿ ಕೈ ಎತ್ತುತ್ತಿದ್ದಳು, ಹೇಳು ನೋಡೋಣ, ಹುಡುಗಿ ಆ ಪದ ಹೇಳುವವರೆಗೂ ಕೈ ಇಳಿಯುತ್ತಿರಲಿಲ್ಲ, ತಪ್ಪು ಹೇಳಿದರೆ ಬೈಯುತ್ತಲೂ ಇರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು, ದೇವರು ಕಾಯುವ ಹಾಗೆ, ಮುಂದೆ ಕಾಲೇಜು ಸೇರಿದ ಮೇಲೂ, ಎರಡು ವರ್ಷ ಆಯ್ತಲ್ಲೇ ಇನ್ನೂ ನೀತಿ ಕಲೀತಾನೇ ಇದೀಯಲ್ಲ, ಅಷ್ಟೊಂದು ಕೆಟ್ಟೋಗಿದ್ದೀಯಾ, ಎಂದು ನಗುವುದು, ಮೂತ್ರಪಿಂಡ ಸೋತು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವಾಗಲೂ ಅದೇ ನಗು, ಯಂತ್ರ ನನ್ನ ರಕ್ತ ತೊಳೆಯುತ್ತೆ, ನಾನು ಊರ ಬಟ್ಟೆ ತೊಳೀತೀನಿ, ಯಾರ ಕೊಳೆ ಜಾಸ್ತಿಯೋ. ಬೀದಿಯ ತುದಿಗೆ ನಡೆದು ಬಸ್ಸು ಹತ್ತುತ್ತಿದ್ದಳು, ಕಂಡಕ್ಟರಿಗೆ ರೋಗಿಗಳ ಪಾಸು ತೋರಿಸುತ್ತಿದ್ದಳು, ಪಾಸಿಗೆ ಟಿಕೆಟ್ ಹರಿಯುವುದಿಲ್ಲ, ಟಿಕೆಟ್ ಹರಿಯದವರು ಕಂಡಕ್ಟರನ ಟಿಕೆಟ್ ಯಂತ್ರಕ್ಕೆ ಕಾಣುವುದಿಲ್ಲ, ಮೇಡಂ ಹೇಳಿದ್ದರು ಟಿಕೆಟ್ ಡೇಟಾ ಸಾಕು, ಕ್ಲೀನಾಗಿದೆ, ಜನರ ಹತ್ತಿರ ಹೋದ್ರೆ ಬರೀ ಕಥೆ ಹೇಳ್ತಾರೆ, ಬೀದಿ ತುದಿಯ ನಿಲ್ದಾಣಕ್ಕೆ ಸೊನ್ನೆ ಎಂದು ಬಂತು, ಸೊನ್ನೆ — ಅಲ್ಲಿ ಯಾರು ಹತ್ತುತ್ತಾರೆಂದು ಲೋಕದಲ್ಲಿ ಇನ್ಯಾರಿಗೂ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು, ಒಂದು ಬೆಳಿಗ್ಗೆ ಹೋಗಿ ಕಂಬದ ಕೆಳಗೆ ನಿಂತಿದ್ದರೆ ಸಾಕಿತ್ತು, ಹೋಗಲಿಲ್ಲ, ನನ್ನ ಬೀದಿ, ನಾನು ಹೋದರೆ ಪಕ್ಷಪಾತವಾಗುತ್ತದೆ ಎಂದಳು, ತನ್ನ ಬೀದಿಯೆಂಬ ಕಾರಣಕ್ಕೇ ಮೊದಲು ಅದನ್ನು ಅಳಿಸಿದಳು, ಎಷ್ಟು ನಿಷ್ಪಕ್ಷಪಾತ ನೋಡಿ ಈ ಹುಡುಗಿ ಅಂತ ಮೇಡಂ ತರಗತಿಗೆಲ್ಲ ಹೇಳಿದರು, ಅವಳು ತಲೆ ತಗ್ಗಿಸಿ ನಕ್ಕಳು, ಆ ನಗು, ಆ ನಗುವನ್ನು ಕಿತ್ತು ಎಸೆಯಲು ಬರುವಂತಿದ್ದರೆ.

ಹಾಸ್ಟೆಲಿನಿಂದ ಫೋನು ಮಾಡಿದಾಗೆಲ್ಲ, ದೊಡ್ಡಮ್ಮ, ಡಯಾಲಿಸಿಸ್‌ಗೆ ಹೋಗಿದ್ಯಾ, ಹ್ಞೂಂ ಕಣೇ ಹೋಗಿದ್ದೆ, ನೀನು ಓದ್ಕೋ, ಕಂಬದವರೆಗೆ ಹೋಗುತ್ತಿದ್ದಳು ಪಾಪ, ಮುಂದಿನ ನಿಲ್ದಾಣ ಐದೇ ನಿಮಿಷ ಎಂದು ಪ್ರಬಂಧದಲ್ಲಿದೆ, ಯಾರ ಕಾಲಿಗೆ ಐದು ನಿಮಿಷ ಎಂದು ಇಲ್ಲ, ಕಳೆದ ತಿಂಗಳು ದೊಡ್ಡಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಎದುರು ಅಂಗಡಿಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದ, ದಿನಾ ನೋಡ್ತಿದ್ದೆ ಕಣವ್ವ, ಬಸ್ ಬಂದಾಗೆಲ್ಲ ಕೈ ಎತ್ತೋರು, ನಿಲ್ತಿರಲಿಲ್ಲ, ಒಂದಿನ ಯಾವನೋ ಪುಣ್ಯಾತ್ಮ ನಿಲ್ಲಿಸಿಬಿಟ್ಟ ನೋಡು, ಅದೇ ತಪ್ಪಾಯ್ತು, ಆಸೆ ಹತ್ತಿಬಿಡ್ತು, ಆಟೋ ಕರೀಲಾ ಅಂದ್ರೆ ಬೇಡ, ನಾಳೆ ನಿಲ್ಲಿಸ್ತಾನೆ ಬಿಡು ಅನ್ನೋರು, ಡ್ರೈವರ್‌ನ ಬೈದ್ರೆ ನನ್ನ ಮೇಲೇ ರೇಗೋರು, ಅವನದೇನು ತಪ್ಪಪ್ಪ, ಮೇಲಿಂದ ಆರ್ಡರ್ ಬಂದಿದ್ಯಂತೆ, ನಮ್ಮ ಹುಡುಗಿ ಬಸ್ಸಿನ ಮೇಲೇ ಓದ್ತಿದಾಳೆ, ಮುಗೀಲಿ, ಅವಳಿಗೇ ಹೇಳಿ ಸರಿ ಮಾಡಿಸ್ತೀನಿ — ದರ್ಜಿ ಮತ್ತೆ ಪೆಡಲು ತುಳಿದ, ಸೂಜಿ ಇಳಿಯಿತು ಏರಿತು ಇಳಿಯಿತು, ಅವಳಿಗೆ ಅಳು ಬರಲಿಲ್ಲ, ಈಗ ಈ ಕೋಣೆಯಲ್ಲೂ ಬರುತ್ತಿಲ್ಲ, ಪರೀಕ್ಷಕರು ಬಾಯಿ ಒರೆಸಿಕೊಂಡು ಕನ್ನಡಕ ಏರಿಸುತ್ತಾರೆ, ಬಹಳ ಚೆನ್ನಾಗಿದೆ ಮಗು, ಒಂದೇ ಪ್ರಶ್ನೆ, ಇದ್ರಿಂದ ಕಳ್ಕೊಂಡೋರು ಯಾರು, ಮೇಡಂ ಕಣ್ಣಲ್ಲೇ ಹೇಳು ಎನ್ನುತ್ತಾರೆ, ಉತ್ತರ ಅವಳಿಗೆ ಗೊತ್ತು, ಒಂದೇ ಪದ, ಚಿಕ್ಕಂದಿನಿಂದ ಬಾಯಲ್ಲಿರುವ ಪದ, ಹೇಳಿದರೆ ಹಿಂದಿನ ಸಾಲಿನ ಅಧಿಕಾರಿ ಸಹಿ ಮಾಡದೆ ಪೆನ್ನು ಮುಚ್ಚುತ್ತಾರೆ, ಊರ ಬೀದಿಗಳ ತುದಿಯಲ್ಲಿ ಕಂಬಕ್ಕೆ ಫಲಕ ಉಳಿಯುತ್ತದೆ, ಪಾಸು ಹಿಡಿದವರೆಲ್ಲ ಹತ್ತುತ್ತಾರೆ, ಹೇಳು ನೋಡೋಣ, ಬಾಯಿ ತೆರೆದಳು, ಕನ್ನಡಿಯ ಮುಂದೆ ಎಷ್ಟೋ ಸಲ ಹೇಳಿ ರೂಢಿಯಾಗಿದ್ದ ಮಾತು ತಾನಾಗಿ ಹೊರಬಂತು, ನಷ್ಟ ಗಣನೀಯ ಪ್ರಮಾಣದಲ್ಲಿ ಇಲ್ಲ ಸರ್, ಪರೀಕ್ಷಕರು ತಲೆದೂಗಿದರು, ಹಿಂದೆ ಯಾರೋ ಚಪ್ಪಾಳೆ ಶುರುಮಾಡಿದರು, ಕಂಬದ ಪಕ್ಕದಲ್ಲಿ, ಧೂಳೆಬ್ಬಿಸಿ ಬಸ್ಸು ಹಾದುಹೋದ ಮೇಲೂ, ಕೈ ಇಳಿದಿಲ್ಲ, ತಪ್ಪು ಪದ ಅದು, ಕೈ ಇಳಿಯುವುದಿಲ್ಲ, ಕೈ